ಎಲ್ಲಿಂದ ಎಬ್ಬಿಸಿದರು?

ನ್ಯಾಯಾಲಯದ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದಿಸಿ ಕೊಡುವುದು ದಾವಣಗೆರೆಯಲ್ಲಿ ನನ್ನ ಕಸುಬು. ದಾವಾಪತ್ರ, ತಕರಾರು, ಕ್ರಯಪತ್ರ, ಹಳೆಯ ಪಹಣಿ, ಮೇಲಿನ ಕೋರ್ಟಿನ ತೀರ್ಪು, ಹೀಗೆ ದಿನಕ್ಕೆ ಹತ್ತಿಪ್ಪತ್ತು ಪುಟಗಳು ಕೈದಾಟಿ ಹೋಗುತ್ತವೆ. ಈ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ ಇಂಗ್ಲಿಷ್ ಕ್ರಿಯಾಪದ ‘ಔಸ್ಟ್’ (oust). ನಾಲ್ಕೇ ಅಕ್ಷರದ ಈ ಪದಕ್ಕೆ ನಿಘಂಟುಗಳು ‘ಹೊರದೂಡು, ಹೊರಹಾಕು, ಸ್ಥಾನದಿಂದ ತೆಗೆ’ ಎಂದು ಅರ್ಥ ಕೊಡುತ್ತವೆ, ಅರ್ಥ ತಪ್ಪಲ್ಲ. ಆದರೆ ಆ ಅರ್ಥವನ್ನು ಹಾಗೆಯೇ ಎತ್ತಿ ವಾಕ್ಯದಲ್ಲಿ ಇಟ್ಟರೆ ಎಷ್ಟು ದೂರದ ಅನಾಹುತವಾಗಬಹುದು ಎಂಬುದನ್ನು ನಾನು ಒಬ್ಬ ತಾಯಿಯ ಎದುರು ಕುಳಿತು ಕಲಿತೆ.

ಜಗಳೂರು ಕಡೆಯ ಒಂದು ಪಾಲು ವಿಭಾಗದ ದಾವೆ ಅದು. ವಾದಿ ಅಕ್ಕ, ಪ್ರತಿವಾದಿ ಅವಳ ಒಡಹುಟ್ಟಿದ ತಮ್ಮ. ತಂದೆಯ ಖಾತೆಯಲ್ಲಿದ್ದ ಜಮೀನಿನಲ್ಲಿ ಅಕ್ಕ ತನ್ನ ಪಾಲು ಕೇಳಿದ್ದಳು. ತಮ್ಮನ ಪರವಾಗಿ ಇಂಗ್ಲಿಷಿನಲ್ಲಿ ಸಲ್ಲಿಕೆಯಾಗಿದ್ದ ತಕರಾರಿನಲ್ಲಿ, ವಾದಿಯನ್ನು ದಾವಾ ಸ್ವತ್ತಿನಿಂದ ‘ಔಸ್ಟ್’ ಮಾಡಿ ಹನ್ನೆರಡು ವರ್ಷಗಳಿಗೂ ಮೇಲಾಗಿದೆ ಎಂಬ ಒಂದು ಸಾಲು ಇತ್ತು. ಅದನ್ನು ನಾನು ‘ವಾದಿಯನ್ನು ಸ್ವತ್ತಿನಿಂದ ಹೊರದಬ್ಬಲಾಗಿದೆ’ ಎಂದು ಕನ್ನಡಕ್ಕೆ ತಂದೆ. ವಾದಿಯ ವಕೀಲರು ಆ ಅನುವಾದವನ್ನು ಆಕೆಗೆ ಓದಿ ಹೇಳುವಂತೆ ನನಗೇ ಹೇಳಿದರು. ಅರವತ್ತರ ಆಸುಪಾಸಿನ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಮ್ಮನೆ ಕೇಳುತ್ತಿದ್ದವಳು ಆ ಸಾಲಿಗೆ ಬಂದಾಗ ತಲೆ ಎತ್ತಿದಳು.

‘ಯಾರು ದಬ್ಬಿದ್ರಂತೆ ನನ್ನ? ಯಾರೂ ದಬ್ಬಿಲ್ಲಪ್ಪ. ನನ್ನ ತಮ್ಮ ಅಂಥೋನಲ್ಲ. ಅವ್ವ ಹೋದ ಮ್ಯಾಲೆ ನಾನೇ ಹೋಗೋದು ಬಿಟ್ಟೆ.’

ನಾನು ಓದುವುದನ್ನು ನಿಲ್ಲಿಸಿದೆ. ತಮ್ಮನೇ ತನ್ನ ಮೇಲೆ ಹೊರಿಸಿಕೊಂಡ ಕೃತ್ಯದಿಂದ ಅಕ್ಕ ಅವನನ್ನು ಬಿಡಿಸುತ್ತಿದ್ದಳು. ಆಕೆ ಉತ್ತರ ಕೊಟ್ಟದ್ದು ತಕರಾರಿನ ಸಾಲಿಗಲ್ಲ, ನಾನು ಬಳಸಿದ ‘ದಬ್ಬು’ ಎಂಬ ಪದಕ್ಕೆ. ಆ ಪದ ಕೇಳಿದೊಡನೆ ಆಕೆಗೆ ಕಂಡದ್ದು ಹೆಗಲ ಮೇಲೆ ಬಿದ್ದ ಒಂದು ಕೈ, ಹೊಸ್ತಿಲಾಚೆ ಮುಗ್ಗರಿಸಿದ ಒಂದು ಹೆಜ್ಜೆ. ಅಂಥದ್ದು ನಡೆದಿರಲಿಲ್ಲ. ಮೂಲ ಇಂಗ್ಲಿಷಿನಲ್ಲಿಯೂ ಅಂಥದ್ದು ನಡೆಯಿತೆಂದು ಯಾರೂ ಹೇಳಿರಲಿಲ್ಲ.

ಜಂಟಿ ಒಡೆತನದ ಜಮೀನಿನ ವಿಚಾರದಲ್ಲಿ ಕಾನೂನು ಈ ಪದವನ್ನು ಬಳಸುವ ರೀತಿಯೇ ಬೇರೆ. ಒಬ್ಬ ಪಾಲುದಾರ ಜಮೀನನ್ನು ಉಳುತ್ತ ಫಸಲು ತೆಗೆಯುತ್ತ ಇದ್ದರೆ, ಅವನ ಸ್ವಾಧೀನ ಉಳಿದ ಪಾಲುದಾರರ ಸ್ವಾಧೀನವೂ ಹೌದು ಎಂದೇ ನ್ಯಾಯಾಲಯ ಭಾವಿಸುತ್ತದೆ. ಅಕ್ಕ ಗಂಡನ ಮನೆಯಲ್ಲಿದ್ದು ವರ್ಷಗಟ್ಟಲೆ ಹೊಲದ ಬದುವಿನ ಮೇಲೆ ಕಾಲಿಡದಿದ್ದರೂ, ಬೆಳೆಯಲ್ಲಿ ಪಾಲು ಕೇಳದಿದ್ದರೂ, ಅಷ್ಟರಿಂದಲೇ ಅವಳ ಹಕ್ಕು ಹೋಗುವುದಿಲ್ಲ. ಹೋಗಬೇಕಾದರೆ ಸ್ವಾಧೀನದಲ್ಲಿದ್ದವನು ಅವಳ ಹಕ್ಕನ್ನು ಬಹಿರಂಗವಾಗಿ, ಅವಳಿಗೆ ತಿಳಿಯುವಂತೆ ನಿರಾಕರಿಸಿರಬೇಕು, ‘ಇದು ನನ್ನೊಬ್ಬನದೇ’ ಎಂದು ನಡೆದುಕೊಂಡಿರಬೇಕು, ಹಾಗೆ ಹನ್ನೆರಡು ವರ್ಷ ಕಳೆದಿರಬೇಕು. ಪಿ. ಲಕ್ಷ್ಮಿ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರ ವರದಿಯಲ್ಲಿ ದಾಖಲಾದ ತೀರ್ಪಿನಲ್ಲಿ ಇದನ್ನು ವಿವರವಾಗಿ ಹೇಳಿದೆ. ಈ ನಿರಾಕರಣೆಗೆ ಕಾನೂನಿನ ಹೆಸರು ‘ಔಸ್ಟರ್’. ಅಲ್ಲಿ ಕೈ ಎತ್ತುವವರು ಯಾರೂ ಬೇಕಿಲ್ಲ. ಮಾತು ಮತ್ತು ನಡತೆ ಸಾಕು. ಹಾಗಾಗಿ ನಾನು ಬರೆಯಬೇಕಾಗಿದ್ದುದು ‘ವಾದಿಯ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ ಆಕೆಯನ್ನು ಸ್ವತ್ತಿನ ಅನುಭವದಿಂದ ಹೊರಗಿಡಲಾಗಿದೆ’ ಎಂದು. ಉದ್ದವಾಯಿತು, ನಿಜ. ಆದರೆ ಹಾಗೆ ಓದಿ ಹೇಳಿದಾಗ ಆಕೆ ಕೊಟ್ಟ ಉತ್ತರ ಬೇರೆಯಾಗಿತ್ತು: ‘ಹಂಗಂತ ಅವನು ಯಾವತ್ತೂ ಅಂದಿಲ್ಲ. ಮೊನ್ನೆ ಮೊನ್ನೆ ತನಕ ಸುಗ್ಗಿಗೆ ಒಂದು ಚೀಲ ಜೋಳ ಕಳಿಸ್ತಿದ್ದ, ನಿನ್ನ ಪಾಲಿಂದು ಅಂತ.’ ಪಕ್ಕದ ಮೇಜಿನಲ್ಲಿ ಬೇರೆ ಕಡತ ನೋಡುತ್ತಿದ್ದ ವಕೀಲರು ಕನ್ನಡಕ ತೆಗೆದು ಇತ್ತ ತಿರುಗಿದರು. ಆ ಒಂದು ಚೀಲ ಜೋಳ ಇಡೀ ತಕರಾರಿಗೆ ಉತ್ತರವಾಗಿತ್ತು.

ಆಕೆಯ ಮೊದಲ ಮಾತಿನಲ್ಲಿ ಇನ್ನೊಂದು ಅಪಾಯವೂ ಅಡಗಿತ್ತು. ‘ನಾನೇ ಹೋಗೋದು ಬಿಟ್ಟೆ’ ಎಂಬುದರಲ್ಲಿ ಬಿಟ್ಟದ್ದು ತವರಿಗೆ ಹೋಗುವುದನ್ನು. ಇಂಗ್ಲಿಷಿಗೆ ತರುವವನು ಅವಸರದಲ್ಲಿ ‘ಬಿಟ್ಟೆ’ಯನ್ನಷ್ಟೇ ಹಿಡಿದುಕೊಂಡರೆ ಅದು ಹಕ್ಕು ಬಿಟ್ಟುಕೊಟ್ಟ ಹೇಳಿಕೆಯಾಗಿ ಕಡತದಲ್ಲಿ ಕೂತುಬಿಡುತ್ತದೆ. ಅಂದಿನಿಂದ ಈ ಪದವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಅದರ ಬೇರು, ಅದರ ನೆಂಟರು, ಕನ್ನಡದಲ್ಲಿ ಅದಕ್ಕೆ ಎದುರಾಗಿ ನಿಲ್ಲುವ ಪದಗಳು, ಇವನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ.

ಬೇರಿನಿಂದಲೇ ಆರಂಭಿಸುತ್ತೇನೆ. ‘ಔಟ್’ ಮತ್ತು ‘ಔಸ್ಟ್’ ಕಿವಿಗೆ ಒಂದೇ ಮನೆಯ ಮಕ್ಕಳಂತೆ ಕೇಳಿದರೂ ಅವುಗಳಿಗೆ ಸಂಬಂಧವಿಲ್ಲ. ‘ಔಟ್’ ಜರ್ಮ್ಯಾನಿಕ್ ಮೂಲದ, ಇಂಗ್ಲಿಷಿನ ಹುಟ್ಟುಪದ. ‘ಔಸ್ಟ್’ ಬಂದದ್ದು ಲ್ಯಾಟಿನ್ನಿನ ‘ಒಬ್‌ಸ್ಟಾರೆ’ ಎಂಬ ಪದದಿಂದ. ಅದರ ಅರ್ಥ ಎದುರಿಗೆ ನಿಲ್ಲು, ಅಡ್ಡನಿಲ್ಲು. ಅದು ಹಳೆಯ ಫ್ರೆಂಚಿನಲ್ಲಿ ‘ಒಸ್ಟೆರ್’ ಆಗುವ ಹೊತ್ತಿಗೆ ತೆಗೆದುಹಾಕು ಎಂಬ ಅರ್ಥ ಪಡೆದಿತ್ತು; ಇಂದಿನ ಫ್ರೆಂಚಿನ ‘ಓತೇ’ ಅದೇ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ಒಂದು ಬಗೆಯ ಫ್ರೆಂಚ್ ನಡೆಯಿತು, ಅದರ ಮೂಲಕ ಈ ಪದ ಭೂಮಿಯ ವ್ಯಾಜ್ಯಗಳ ಕಾಗದಗಳಿಗೆ ಇಳಿಯಿತು. ನಮ್ಮ ಕೋರ್ಟುಗಳಲ್ಲಿ ದಾವೆ, ವಕೀಲ, ಜಪ್ತಿ, ವಾರಸುದಾರ ಮುಂತಾದ ಪದಗಳು ಆಳಿದವರ ಭಾಷೆಗಳಿಂದ ಬಂದು ಉಳಿದುಕೊಂಡಂತೆಯೇ ಇದು.

ಅದೇ ಕಾರಣಕ್ಕೆ ‘ಔಸ್ಟರ್’ ಎಂಬ ನಾಮಪದವನ್ನು ಕಂಡಾಗ ಎಚ್ಚರ ಬೇಕು. ‘ಟೀಚರ್’, ‘ಡ್ರೈವರ್’ ಮಾದರಿಯಲ್ಲಿ ಅದನ್ನು ‘ಹೊರಹಾಕುವವನು’ ಎಂದು ಅನುವಾದಿಸಿದ್ದನ್ನು ನಾನು ಕಂಡಿದ್ದೇನೆ. ಕಾನೂನಿನಲ್ಲಿ ಅದು ವ್ಯಕ್ತಿಯಲ್ಲ, ಕೃತ್ಯ. ಫ್ರೆಂಚ್ ಕ್ರಿಯಾಪದದ ಮೂಲರೂಪವೇ ಇಂಗ್ಲಿಷಿನಲ್ಲಿ ನಾಮಪದವಾಗಿ ನಿಂತದ್ದು. ‘ವೇವರ್’ (ಹಕ್ಕು ಬಿಟ್ಟುಕೊಡುವುದು), ‘ಡಿಸ್‌ಕ್ಲೇಮರ್’ (ಹಕ್ಕು ಅಥವಾ ಹೊಣೆ ತನ್ನದಲ್ಲ ಎನ್ನುವುದು), ‘ಡೆಮರರ್’ (ಎದುರಾಳಿಯ ವಾದ ಕಾನೂನಿನಲ್ಲಿ ನಿಲ್ಲದು ಎಂಬ ಆಕ್ಷೇಪ) ಇವೆಲ್ಲ ಅದೇ ಸಾಲಿನವು. ಪತ್ರಿಕೆಗಳು ಒಬ್ಬ ಅಧ್ಯಕ್ಷನ ‘ಔಸ್ಟರ್’ ಎಂದು ಬರೆದಾಗಲೂ ಅವನು ಸ್ಥಾನ ಕಳೆದುಕೊಂಡ ಸಂಗತಿ ಎಂದೇ ಅರ್ಥ.

ಇನ್ನು ಬಳಕೆ. ಈ ಕ್ರಿಯಾಪದದೊಳಗೆ ಮೂರು ಸಂಗತಿಗಳು ಸೇರಿಕೊಂಡಿವೆ ಎಂಬುದು ನನ್ನ ಅನುಭವ. ಹೊರಬಿದ್ದವನು ಅಲ್ಲಿ ನೆಲೆಯೂರಿದ್ದವನಾಗಿರಬೇಕು. ಬಂದುಹೋಗುವ ಅತಿಥಿಯನ್ನು ‘ಔಸ್ಟ್’ ಮಾಡಲಾಗದು. ಅವನು ಮನಸ್ಸಿನಿಂದ ಹೋಗಿರಬಾರದು. ಮತ್ತು ಹೋಗುವಂತೆ ಮಾಡಿದ ಒಂದು ಒತ್ತಡ ಇರಬೇಕು, ಅದು ತೋಳಿನದಾಗಲಿ, ಮತದ್ದಾಗಲಿ, ಕಾನೂನಿನದಾಗಲಿ. ಆ ಒತ್ತಡ ನ್ಯಾಯವೋ ಅನ್ಯಾಯವೋ ಎಂಬುದರ ಬಗ್ಗೆ ಪದ ಏನೂ ಹೇಳುವುದಿಲ್ಲ. ಪಕ್ಕದ ಪದಗಳೆಲ್ಲ ಏನಾದರೊಂದನ್ನು ಹೇಳಿಯೇ ಹೇಳುತ್ತವೆ. ‘ಎವಿಕ್ಟ್’ ಲ್ಯಾಟಿನ್ನಿನ ಗೆಲ್ಲು ಎಂಬ ಧಾತುವಿನಿಂದ ಬಂದದ್ದು, ವ್ಯಾಜ್ಯದಲ್ಲಿ ಗೆದ್ದು ಮರಳಿ ಪಡೆಯುವ ವಾಸನೆ ಅದಕ್ಕೆ ಇಂದಿಗೂ ಇದೆ. ‘ಎಕ್ಸ್‌ಪೆಲ್’ನಲ್ಲಿ ಅಟ್ಟುವುದಿದೆ, ‘ಇಜೆಕ್ಟ್’ನಲ್ಲಿ ಎಸೆಯುವುದಿದೆ, ‘ಡಿಪೋಸ್’ನಲ್ಲಿ ಕೆಳಗಿಡುವುದಿದೆ.

ಅಶೋಕ ರಸ್ತೆಯ ಒಂದು ಬಾಡಿಗೆ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಾಲೀಕ 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ಪ್ರಕಾರ ನ್ಯಾಯಾಲಯಕ್ಕೆ ಹೋಗಿ, ಕಾರಣ ರುಜುವಾತುಪಡಿಸಿ, ಆದೇಶ ತಂದು ಬಾಡಿಗೆದಾರನನ್ನು ಬಿಡಿಸಿದರೆ ಅದು ‘ಎವಿಕ್ಷನ್’. ಅದರ ಬದಲು ರಾತ್ರಿ ಹನ್ನೊಂದಕ್ಕೆ ಬಂದು ಶಟರಿಗೆ ತನ್ನದೊಂದು ಬೀಗ ಜಡಿದು ಹೋದರೆ ಬಾಡಿಗೆದಾರ ‘ಔಸ್ಟ್’ ಆದನೇ ಹೊರತು ‘ಎವಿಕ್ಟ್’ ಆಗಲಿಲ್ಲ. ಈ ವ್ಯತ್ಯಾಸ ಬೆಳಿಗ್ಗೆ ಬಂದು ಬೀಗ ನೋಡಿ ನಿಂತವನ ಜೀವನದ ಪ್ರಶ್ನೆ. ಕಾನೂನುಬದ್ಧ ಕ್ರಮವಿಲ್ಲದೆ ಸ್ವಾಧೀನ ಕಳೆದುಕೊಂಡವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು, ಅಲ್ಲಿ ಮಾಲೀಕತ್ವದ ಪ್ರಶ್ನೆಯೇ ಏಳುವುದಿಲ್ಲ. ಎರಡನ್ನೂ ‘ಖಾಲಿ ಮಾಡಿಸಿದರು’ ಎಂದು ಒಂದೇ ಮಾತಿನಲ್ಲಿ ಅನುವಾದಿಸುವವರು ಆ ಆರು ತಿಂಗಳ ಗಡುವನ್ನೇ ಕಣ್ಣಿಗೆ ಕಾಣದಂತೆ ಮಾಡುತ್ತಾರೆ.

ರಾಜಕೀಯದ ಉದಾಹರಣೆ ಬೇಕಾದರೆ ನಮ್ಮ ನೆರೆಯ ಚಿತ್ರದುರ್ಗದವರೇ ಆಗಿ ಬದುಕಿದ ಎಸ್. ನಿಜಲಿಂಗಪ್ಪನವರ ಕಾಲಕ್ಕೆ ಹೋಗಬೇಕು. ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗ, 1969ರ ನವೆಂಬರ್ 12ರಂದು, ಪ್ರಧಾನಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಅದು ‘ಎಕ್ಸ್‌ಪೆಲ್’. ಆದರೆ ಇಂದಿರಾ ಅಧಿಕಾರದಿಂದ ‘ಔಸ್ಟ್’ ಆಗಲಿಲ್ಲ; ಪ್ರಧಾನಿಯಾಗಿ ಮುಂದುವರಿದರು, ಪಕ್ಷವೇ ಇಬ್ಭಾಗವಾಯಿತು, 1971ರ ಚುನಾವಣೆಯನ್ನು ಗೆದ್ದರು. ಅವರನ್ನು ‘ಔಸ್ಟ್’ ಮಾಡಿದವರು 1977ರ ಮಾರ್ಚಿನಲ್ಲಿ ಮತದಾರರು. ಮರುವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದ ಅವರನ್ನು ಅದೇ ಡಿಸೆಂಬರಿನಲ್ಲಿ ಸದನ ಮತ್ತೊಮ್ಮೆ ‘ಎಕ್ಸ್‌ಪೆಲ್’ ಮಾಡಿತು. ಒಬ್ಬರೇ ವ್ಯಕ್ತಿ, ಮೂರು ಬಾರಿ ಹೊರಬಿದ್ದದ್ದು: ಒಮ್ಮೆ ಪಕ್ಷದಿಂದ, ಒಮ್ಮೆ ಅಧಿಕಾರದಿಂದ, ಒಮ್ಮೆ ಸದನದಿಂದ. ಸಂಸ್ಥೆಯೊಂದು ತನ್ನ ಸದಸ್ಯನನ್ನು ತನ್ನದೇ ನಿಯಮದಂತೆ ಹೊರಹಾಕಿದಲ್ಲಿ ‘ಎಕ್ಸ್‌ಪೆಲ್’, ಹಿಡಿದ ಸ್ಥಾನದಿಂದ ಕಿತ್ತಲ್ಲಿ ‘ಔಸ್ಟ್’.

1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ಹೋದದ್ದು ಮತ್ತೊಂದು ಬಗೆ. ಸಂವಿಧಾನದ 356ನೇ ವಿಧಿಯಡಿ ಮೇಲಿನ ಅಧಿಕಾರವೊಂದು ಕೆಳಗಿನದನ್ನು ತೆಗೆದುಹಾಕಿದ್ದರಿಂದ ಅಲ್ಲಿ ‘ಡಿಸ್‌ಮಿಸ್’ ಸರಿಯಾದ ಪದ, ಕನ್ನಡದಲ್ಲಿ ‘ವಜಾ’. ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತಲ್ಲ, ಅದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಔಸ್ಟ್’ ಮಾಡಬೇಕಾದದ್ದು ಸದನ, ‘ಡಿಸ್‌ಮಿಸ್’ ಮಾಡುವ ಅವಸರ ರಾಜಭವನಕ್ಕೆ ಬೇಡ ಎಂಬುದಾಗಿತ್ತು. ‘ವಜಾ’ ಎಂದಾಗ ನನಗೆ ನಮ್ಮ ದಲಾಲಿ ಅಂಗಡಿಗಳ ಲೆಕ್ಕದ ಚೀಟಿಯೇ ನೆನಪಾಗುತ್ತದೆ. ರೈತ ತಂದ ಮಾಲಿಗೆ ಇಷ್ಟು ದರ, ಇಷ್ಟು ತೂಕ, ಅದರಲ್ಲಿ ಹಮಾಲಿ ವಜಾ, ಚೀಲದ ತೂಕ ವಜಾ. ಲೆಕ್ಕದಿಂದ ಕಳೆದುಬಿಡುವ ಆ ಪದವೇ ಮಂತ್ರಿಗೂ ನೌಕರನಿಗೂ ಅನ್ವಯವಾಯಿತು.

ಇನ್ನೂ ಹಿಂದಕ್ಕೆ ಹೋದರೆ 1831. ಹೊನ್ನಾಳಿಯವರೆಗೂ ಹಬ್ಬಿದ್ದ, ನಗರ (ಬಿದನೂರು) ಸೀಮೆಯ ರೈತರ ದಂಗೆಯ ನಂತರ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ಆಡಳಿತ ರಾಜಮನೆತನಕ್ಕೆ ಮರಳಿದ್ದು 1881ರಲ್ಲಿ. ಇದನ್ನು ‘ಪದಚ್ಯುತಿ’ ಎಂದು ಬರೆಯುವವರಿದ್ದಾರೆ. ಅದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅರಸರ ಪದವಿ ಹೋಗಲಿಲ್ಲ, ಹೋದದ್ದು ಅಧಿಕಾರ. ಇಂಗ್ಲಿಷಿನಲ್ಲಿ ‘ಡಿಪೋಸ್’ ಎನ್ನಬಾರದ ಈ ಜಾಗದಲ್ಲಿ ‘ಅಧಿಕಾರದಿಂದ ಔಸ್ಟ್’ ಎನ್ನಬಹುದು. ಆದರೆ 1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆಯನ್ನು ಹಿಡಿದು ಮದಕರಿ ನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದಾಗ ಪದವಿ, ಅಧಿಕಾರ, ಕೋಟೆ, ಊರು ಎಲ್ಲವೂ ಒಟ್ಟಿಗೇ ಹೋದವು. ಅಲ್ಲಿ ‘ಔಸ್ಟ್’ ಎಂದರೆ ತಪ್ಪಾಗದು, ಆದರೆ ಸಾಲದು.

ಇಷ್ಟು ಉದಾಹರಣೆಗಳನ್ನು ಎದುರಿಗಿಟ್ಟುಕೊಂಡು ಕನ್ನಡದ ಪದಗಳನ್ನು ಸಾಲಾಗಿ ನೋಡುತ್ತ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಇಂಗ್ಲಿಷಿನ ‘ಔಸ್ಟ್’ ತನ್ನೊಳಗೆ ಜಾಗವನ್ನು ಇಟ್ಟುಕೊಂಡಿಲ್ಲ. ಎಲ್ಲಿಂದ ಎಂಬುದನ್ನು ಹೇಳಲು ಅದಕ್ಕೆ ‘ಫ್ರಮ್’ ಎಂಬ ಬಾಲ ಬೇಕು, ಆ ಬಾಲವನ್ನು ಬರೆಯುವವನು ಬಿಟ್ಟುಬಿಟ್ಟರೂ ವಾಕ್ಯ ನಡೆಯುತ್ತದೆ. ಕನ್ನಡದಲ್ಲಿ ಹಾಗಿಲ್ಲ. ನಾವು ಬಳಸುವ ಗಟ್ಟಿ ಪದಗಳೆಲ್ಲ ಜಾಗವನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿವೆ. ಪದಚ್ಯುತಿಯಲ್ಲಿ ಪದವಿ ಇದೆ, ಗಡಿಪಾರಿನಲ್ಲಿ ಗಡಿ ಇದೆ, ಜಾತಿಭ್ರಷ್ಟನಲ್ಲಿ ಜಾತಿ ಇದೆ. ಅಧಿಕಾರಿಯೊಬ್ಬನನ್ನು ರಾತ್ರೋರಾತ್ರಿ ಬೇರೆ ಊರಿಗೆ ಕಳುಹಿಸಿದರೆ ‘ಎತ್ತಂಗಡಿ’ ಎನ್ನುತ್ತೇವೆ, ಅದರಲ್ಲಿ ಎತ್ತಿಸಿದ ಅಂಗಡಿಯೇ ಇದೆ. ಜಾಗವಿಲ್ಲದ ಪದಗಳಲ್ಲಿ ರೀತಿಯಾದರೂ ಇರುತ್ತದೆ: ದಬ್ಬಿದರೋ, ಅಟ್ಟಿದರೋ, ಇಳಿಸಿದರೋ, ಕಿತ್ತುಹಾಕಿದರೋ. ಕೈಯಿಂದ ದಬ್ಬುತ್ತಾರೆ, ಬೆನ್ನ ಹಿಂದೆ ಬಿದ್ದು ಅಟ್ಟುತ್ತಾರೆ, ಮೇಲೆ ಕುಳಿತವನನ್ನು ಇಳಿಸುತ್ತಾರೆ, ಬೇರು ಬಿಟ್ಟವನನ್ನು ಕೀಳುತ್ತಾರೆ. ಎಲ್ಲಿಂದ ಎಂದೂ ಹೇಳದೆ ಹೇಗೆ ಎಂದೂ ಹೇಳದೆ ಸುಮ್ಮನೆ ‘ಔಸ್ಟ್’ ಎನ್ನುವ ಒಂದು ಕನ್ನಡ ಕ್ರಿಯಾಪದ ನನಗಂತೂ ಸಿಕ್ಕಿಲ್ಲ. ಆ ತಾಯಿಯ ದಾವೆಯಲ್ಲಿ ನಾನು ಎಡವಿದ್ದು ಇಲ್ಲಿಯೇ. ಇಂಗ್ಲಿಷಿನಲ್ಲಿ ಇಲ್ಲದ ರೀತಿಯೊಂದನ್ನು ನನ್ನ ‘ದಬ್ಬು’ ತಂದು ಸೇರಿಸಿತ್ತು.

ಈ ಪದಗಳ ನಡುವೆ ‘ಉಚ್ಚಾಟನೆ’ಯದು ವಿಚಿತ್ರವಾದ ಪಯಣ. ಮಂತ್ರವಾದದ ಷಟ್ಕರ್ಮಗಳಲ್ಲಿ ಅದೂ ಒಂದು. ಮಂತ್ರಬಲದಿಂದ ಒಬ್ಬನನ್ನು ನೆಲೆಯಿಂದ ಕದಲಿಸಿ ಓಡಿಸುವುದು. ಇಂದು ಅದು ಪಕ್ಷದ ಶಿಸ್ತು ಸಮಿತಿಯ ಪದವಾಗಿದೆ. ನಮ್ಮ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ, ತುಂಗಭದ್ರೆಯ ದಂಡೆಯ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಗೆ, ಗಾಳಿ ಸೋಕಿತೆಂದು ನಂಬಿ ಬರುವ ಜನ ಮಾತ್ರ ‘ಉಚ್ಚಾಟನೆ’ ಎನ್ನುವುದಿಲ್ಲ, ‘ಬಿಡಿಸೋದು’ ಎನ್ನುತ್ತಾರೆ. ಅವರ ಕಣ್ಣು ಓಡಿಹೋಗುವ ದೆವ್ವದ ಮೇಲಿಲ್ಲ, ಬಿಡುಗಡೆಯಾಗುವ ಮನುಷ್ಯನ ಮೇಲಿದೆ.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ‘ಒಕ್ಕಲೆಬ್ಬಿಸು’ ಎಂಬ ಪದದ ಮೇಲೆ. ಒಕ್ಕಲು ಎಂದರೆ ನೆಲೆಸಿದ ಮನೆತನ, ಒಕ್ಕಲು ಎಂದರೆ ಭೂಮಿ ಉಳುವ ಸಂಸಾರ, ಒಕ್ಕಲುತನ ಎಂದರೆ ಬೇಸಾಯ. ಹೊಸ ಮನೆಗೆ ಮೊದಲ ಸಲ ಹಾಲು ಉಕ್ಕಿಸಿ ಹೋಗುವುದನ್ನು ‘ಮನೆ ಒಕ್ಕಲು’ ಎನ್ನುತ್ತೇವೆ. ‘ನಾವು ಇಂಥ ದೇವರ ಒಕ್ಕಲು’ ಎಂದು ಹೇಳಿಕೊಳ್ಳುವಾಗ ತಲೆಮಾರುಗಳ ನಡೆ ಅದರಲ್ಲಿ ಸೇರಿರುತ್ತದೆ. ನೆಲೆ, ದುಡಿಮೆ, ದೇವರು ಈ ಮೂರೂ ಕೂಡಿದ ಒಂದು ಬದುಕನ್ನು, ಉಣ್ಣುತ್ತ ಕುಳಿತವನನ್ನು ಎಲೆಯ ಮುಂದಿನಿಂದ ಎಬ್ಬಿಸಿದಂತೆ, ಎಬ್ಬಿಸುವುದು ಒಕ್ಕಲೆಬ್ಬಿಸುವುದು. ಇಂಗ್ಲಿಷಿನ ‘ಎವಿಕ್ಟ್’ನಲ್ಲಿ ಗೆದ್ದವನ ಮುಖ ಕಾಣುತ್ತದೆ, ನಮ್ಮ ಪದದಲ್ಲಿ ಎದ್ದುಹೋಗುವ ಸಂಸಾರದ ಮುಖ ಕಾಣುತ್ತದೆ.

ನಮ್ಮ ಅಜ್ಜ ಗೇಣಿಗೆ ಹೊಲ ಮಾಡುತ್ತಿದ್ದವರು. ಅವರ ಬಾಯಲ್ಲಿ ಈ ಪದ ಬರುವಾಗ ದನಿ ತಗ್ಗುತ್ತಿತ್ತು. 1974ರಲ್ಲಿ ಭೂ ಸುಧಾರಣಾ ಅಧಿನಿಯಮಕ್ಕೆ ದೊಡ್ಡ ತಿದ್ದುಪಡಿ ಬಂದು, ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯುವ ದಾರಿ ತೆರೆಯುವವರೆಗೆ, ಒಕ್ಕಲೆಬ್ಬಿಸುವ ಭಯ ಎಂಬುದು ಪ್ರತಿ ಸುಗ್ಗಿಯ ಕೊನೆಗೆ ಮನೆಯೊಳಗೆ ಬಂದು ಕೂರುತ್ತಿತ್ತಂತೆ. ಆ ಅರ್ಜಿಯ ಸ್ವೀಕೃತಿ ಚೀಟಿಯನ್ನು ಅಜ್ಜ ದೇವರ ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿ ಮಡಚಿ ಇಟ್ಟಿದ್ದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದ ಅದನ್ನು ನಾನು ಹುಡುಗನಾಗಿದ್ದಾಗ ಮೈದಾ ಅಂಟು ಹಚ್ಚಿ ಜೋಡಿಸಿಕೊಟ್ಟದ್ದು ನೆನಪಿದೆ.

ಅದೇ ಭೂ ಸುಧಾರಣಾ ಕಾನೂನಿನ ಕಡತಗಳಲ್ಲಿ ಈ ಇಂಗ್ಲಿಷ್ ಪದ ಇನ್ನೊಂದು ವೇಷದಲ್ಲಿ ಎದುರಾಯಿತು. ಗೇಣಿಯ ಪ್ರಶ್ನೆಯನ್ನು ಭೂ ನ್ಯಾಯಮಂಡಳಿಯೇ ತೀರ್ಮಾನಿಸಬೇಕು, ಸಿವಿಲ್ ನ್ಯಾಯಾಲಯ ಅದಕ್ಕೆ ಕೈಹಾಕಬಾರದು ಎಂಬ ನಿಯಮವನ್ನು ವಕೀಲರು ನ್ಯಾಯವ್ಯಾಪ್ತಿಯ ‘ಔಸ್ಟರ್’ ಎನ್ನುತ್ತಾರೆ. ಇಲ್ಲಿ ಹೊರಬೀಳುವುದು ಮನುಷ್ಯನೂ ಅಲ್ಲ, ಹುದ್ದೆಯೂ ಅಲ್ಲ, ನ್ಯಾಯಾಲಯವೊಂದರ ಅಧಿಕಾರ. ‘ನ್ಯಾಯವ್ಯಾಪ್ತಿಯ ಉಚ್ಚಾಟನೆ’ ಎಂದರೆ ಓದಿದವರಿಗೆ ಏನೂ ತಿಳಿಯದು. ನಾನು ‘ನ್ಯಾಯವ್ಯಾಪ್ತಿಗೆ ತಡೆ’ ಎಂದು ಬರೆಯಲಾರಂಭಿಸಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಪ್ರಕರಣವೂ ಸ್ಪಷ್ಟವಾಗಿಯೋ ಸೂಚ್ಯವಾಗಿಯೋ ‘ತಡೆಯಲ್ಪಟ್ಟ’ ದಾವೆಗಳ ಮಾತನ್ನೇ ಆಡುತ್ತದೆ. ಎಷ್ಟೋ ದಿನಗಳ ನಂತರ ಪದದ ಬೇರು ಹುಡುಕುವಾಗ, ಲ್ಯಾಟಿನ್ ಮೂಲದ ಅರ್ಥ ಅಡ್ಡನಿಲ್ಲುವುದು, ತಡೆಯುವುದು ಎಂದೇ ಇರುವುದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ. ಪದ ತಾನು ಹೊರಟ ಮನೆಗೆ ಕನ್ನಡದ ಹಾದಿಯಲ್ಲಿ ಮರಳಿತ್ತು.

ಕೋರ್ಟಿನ ಹೊರಗೆ ಈ ಪದ ಸ್ವಲ್ಪ ಸಡಿಲವಾಗಿಯೂ ನಡೆಯುತ್ತದೆ. ಒಂದು ವಸ್ತು ಇನ್ನೊಂದರ ಜಾಗ ಹಿಡಿದಾಗಲೂ ಇಂಗ್ಲಿಷರು ‘ಔಸ್ಟ್’ ಎನ್ನುತ್ತಾರೆ. ಹತ್ತಿಯ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಸುತ್ತಲಿನ ಹೊಲಗಳಲ್ಲಿ ಇಂದು ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಮೆಕ್ಕೆಜೋಳ ಹತ್ತಿಯನ್ನು ‘ಔಸ್ಟ್’ ಮಾಡಿತು ಎಂದು ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಮುಗಿಯುವುದು ಕನ್ನಡದಲ್ಲಿ ‘ಹತ್ತಿ ಹೋಯಿತು, ಆ ಜಾಗಕ್ಕೆ ಮೆಕ್ಕೆಜೋಳ ಬಂತು’ ಎಂದು ಎರಡು ಹೆಜ್ಜೆಯಾಗುತ್ತದೆ. ನನಗೆ ಎರಡು ಹೆಜ್ಜೆಯೇ ಸರಿ ಎನಿಸುತ್ತದೆ, ಏಕೆಂದರೆ ಬೆಳೆಗೆ ಬೆಳೆಯನ್ನು ಹೊರಹಾಕುವ ಇಚ್ಛೆ ಇರುವುದಿಲ್ಲ. ನೀರು, ಬೆಲೆ, ಕೂಲಿ ಇವುಗಳ ಲೆಕ್ಕ ಹಾಕಿ ಬೀಜ ಬದಲಿಸಿದವನು ರೈತ.

ಕೊನೆಯದಾಗಿ, ಇಂಗ್ಲೆಂಡಿಗಿಂತ ನಮ್ಮ ದೇಶದ ಕಡತಗಳಲ್ಲಿಯೇ ಹೆಚ್ಚು ಓಡಾಡಿದ ಒಂದು ಪದ: ‘ಔಸ್ಟೀ’. ಅಣೆಕಟ್ಟು ಮುಂತಾದ ಯೋಜನೆಗಾಗಿ ನೆಲೆ ಬಿಡಬೇಕಾಗಿ ಬಂದವನು ಎಂದು ಅದರ ಅರ್ಥ. ನರ್ಮದಾ ಜಲವಿವಾದ ನ್ಯಾಯಮಂಡಳಿಯ 1979ರ ಐತೀರ್ಪು ಅದಕ್ಕೆ ವ್ಯಾಖ್ಯೆಯನ್ನೇ ಕೊಟ್ಟಿದೆ: ಮುಳುಗಲಿರುವ ಭೂಮಿಯಲ್ಲಿ ಭೂಸ್ವಾಧೀನದ ಅಧಿಸೂಚನೆಗೆ ಕನಿಷ್ಠ ಒಂದು ವರ್ಷ ಮೊದಲಿನಿಂದ ವಾಸವಾಗಿದ್ದವನು, ಅಥವಾ ಅಷ್ಟೇ ಕಾಲದಿಂದ ಅಲ್ಲಿ ಸಾಗುವಳಿ, ವ್ಯಾಪಾರ, ಕಸುಬು ಮಾಡುತ್ತಿದ್ದವನು. ಭೂಮಿಯ ಒಡೆಯನಷ್ಟೇ ಅಲ್ಲ, ಅಲ್ಲಿ ಕಸುಬು ನಡೆಸಿ ಬದುಕುತ್ತಿದ್ದವನೂ ಅದರೊಳಗೆ ಬರುತ್ತಾನೆ ಎಂಬುದು ಆ ವ್ಯಾಖ್ಯೆಯ ದೊಡ್ಡತನ.

ಕಳೆದ ಮಳೆಗಾಲದಲ್ಲಿ ಭೂಸ್ವಾಧೀನದ ಹಳೆಯ ಪತ್ರಗಳ ಒಂದು ಕಟ್ಟು ಅನುವಾದಕ್ಕೆ ಬಂತು, ಅದರ ತುಂಬ ಈ ಪದ. ಸರ್ಕಾರಿ ಕನ್ನಡದಲ್ಲಿ ‘ನಿರಾಶ್ರಿತ’ ಎಂದು ಬರೆಯುತ್ತಾರೆ, ‘ಸಂತ್ರಸ್ತ’ ಎಂದೂ ಬರೆಯುತ್ತಾರೆ. ಮೊದಲನೆಯದು ಆಶ್ರಯವಿಲ್ಲದವನು ಎನ್ನುತ್ತದೆ, ಎರಡನೆಯದು ನೊಂದವನು ಎನ್ನುತ್ತದೆ. ಎಲ್ಲಿಂದ ಬಂದವನು ಎಂದು ಎರಡೂ ಹೇಳುವುದಿಲ್ಲ. ಕಟ್ಟು ತಂದುಕೊಟ್ಟ ಹಿರಿಯರು ಪತ್ರಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ಭದ್ರಾ ನಾಲೆಯ ನೀರಿನಿಂದ ನಮ್ಮ ಜಿಲ್ಲೆಯ ಗದ್ದೆಗಳು ಹಸಿರಾದವು, ಆ ನೀರು ನಿಲ್ಲುವುದಕ್ಕೆ ಲಕ್ಕವಳ್ಳಿಯ ಕಟ್ಟೆಯ ಹಿಂದೆ ಕೆಲವರ ನೆಲ ಮುಳುಗಿತು. ಇವರ ತಂದೆಯ ಮನೆಯೂ ಹಾಗೆ ಮುಳುಗಿದ್ದು ಎಂದು ಮಾತಿನ ನಡುವೆ ತಿಳಿಯಿತು. ‘ನಿಮ್ಮಂಥವರನ್ನು ಊರಲ್ಲಿ ಏನೆಂದು ಕರೆಯುತ್ತಿದ್ದರು ಯಜಮಾನ್ರೇ?’ ಎಂದು ಕೇಳಿದೆ.

‘ಮುಳುಗಡೆಯವರು ಅಂತಿದ್ರು,’ ಎಂದರು. ‘ಈಗ್ಲೂ ಹಂಗೇ ಅಂತಾರೆ. ನಮ್ಮ ಮೊಮ್ಮಕ್ಕಳಿಗೂ ಅಂತಾರೆ.’

ಅನುವಾದದ ಮೊದಲ ಪುಟದಲ್ಲಿ, ‘ಔಸ್ಟೀ’ ಎಂಬ ಪದ ಬಂದ ಮೊದಲ ಜಾಗದಲ್ಲಿಯೇ, ನಾನು ‘ಮುಳುಗಡೆಯವರು’ ಎಂದು ಬರೆದೆ.